ಬ್ಲೇಡು ಮಗ್ಗುಲು ಬದಲಿಸಬೇಕು: ಹಳೆಯ ಆಟೋಸ್ಟ್ರಾಪ್ ರೇಜರನ್ನು ಮಸೆಯುವ ಕ್ರಮ

ಆಟೋಸ್ಟ್ರಾಪ್ ಅಂದರೆ ಬ್ಲೇಡನ್ನು ಹೊರತೆಗೆಯದೆ ಚರ್ಮದ ಪಟ್ಟಿಯ ಮೇಲೆ ಮಸೆಯಬಹುದಾದ ಹಳೆಯ ರೇಜರು. ಬ್ಲೇಡು ಮೊಂಡಾಯಿತು ಅಂದರೆ ಮೂರರಲ್ಲಿ ಒಂದು ಆಗಿರುತ್ತದೆ. ಬಾಯಿ ಒಂದು ಪಕ್ಕಕ್ಕೆ ಬಾಗಿರುತ್ತದೆ. ಇಲ್ಲವೇ ಸೋಪುನೀರಿನ ಪಸೆ ಕೂತು ಕಣ್ಣಿಗೆ ಕಾಣದಷ್ಟು ತುಕ್ಕು ಹಿಡಿದಿರುತ್ತದೆ. ಇಲ್ಲವೇ ಬಾಯಿಯಿಂದ ಚಕ್ಕೆ ಎದ್ದಿರುತ್ತದೆ. ಮೊದಲ ಎರಡಕ್ಕೆ ಚರ್ಮದ ಪಟ್ಟಿ ಸಾಕು. ಮೂರನೆಯದಕ್ಕೆ ಕಲ್ಲೇ ಬೇಕು. ಚರ್ಮದ ಮೇಲೆ ನೂರು ಸಲ ಎಳೆದರೂ ಉದುರಿಹೋದ ಉಕ್ಕು ವಾಪಸು ಬರುವುದಿಲ್ಲ. ಬ್ಲೇಡು ಮಸೆಯುವ ಯಂತ್ರ ಕೊಂಡವರಲ್ಲಿ ಅರ್ಧಕ್ಕರ್ಧ ಜನ ಬೇಸತ್ತು ಅದನ್ನು ಮೂಲೆಗೆಸೆಯುವುದು ಈ ವ್ಯತ್ಯಾಸ ತಿಳಿಯದೆ. ತೀರಾ ಸತ್ತ ಬ್ಲೇಡನ್ನು ಯಂತ್ರಕ್ಕೆ ಹಾಕಿ ಬದುಕಿಸಲು ಹೋಗುತ್ತಾರೆ. ಯಂತ್ರ ಇರುವುದು ಬ್ಲೇಡು ಸಾಯದಂತೆ ನೋಡಿಕೊಳ್ಳಲು.

ಕೂದಲಿನಂಥ ಮೆತ್ತನೆಯ ವಸ್ತು ಉಕ್ಕಿನ ಚಕ್ಕೆ ಎಬ್ಬಿಸುತ್ತದೆಯೇ ಎಂದು ಕೇಳಬಹುದು. ಎಬ್ಬಿಸುತ್ತದೆ. ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದು ತೋರಿಸಿದರು. ಬ್ಲೇಡಿನ ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆದು. ಆದರೆ ಉಕ್ಕಿನ ಒಳರಚನೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೂದಲು ಬಾಯಿಗೆ ಓರೆಯಾಗಿ ಬಿದ್ದು ಬಾಗಿದಾಗ, ಉಕ್ಕು ದುರ್ಬಲವಾಗಿರುವ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟು ಚಕ್ಕೆ ಹಾರುತ್ತದೆ. ಒಂದು ಚಕ್ಕೆ ಎದ್ದ ಮೇಲೆ ಅದರ ಪಕ್ಕದ ಜಾಗ ಇನ್ನಷ್ಟು ದುರ್ಬಲ. ಹಾಗಾಗಿ ಗಡ್ಡಕ್ಕೆ ಸರಿಯಾಗಿ ನೀರು ಹಿಡಿಸಿ ಮೆತ್ತಗೆ ಮಾಡಿಕೊಳ್ಳುವುದೂ ಬ್ಲೇಡು ಕಾಪಾಡುವ ಕೆಲಸವೇ. ಎರಡು ನಿಮಿಷ ಬಿಸಿನೀರಿನ ಬಟ್ಟೆ ಒತ್ತಿಕೊಳ್ಳದವನು ಎಷ್ಟು ಮಸೆದರೂ ಅಷ್ಟೇ.

ಯಂತ್ರ ಹೇಗೆ ಕೆಲಸ ಮಾಡುತ್ತದೆ

ಬ್ಲೇಡು ಮಸೆಯುವ ಹಳೆಯ ಸಾಧನಗಳಲ್ಲಿ ಜಾಣತನದ ಮಾತಿಗೆ ಬಂದರೆ ಆಟೋಸ್ಟ್ರಾಪ್‌ಗೆ ಮೊದಲ ಸ್ಥಾನ. ಇದನ್ನು ರೂಪಿಸಿದವನು ಅಮೆರಿಕದ ಹೆನ್ರಿ ಗೈಸ್‌ಮನ್. ಫಿಲ್ಮಿನ ಮೇಲೆ ಅಲ್ಲಲ್ಲೇ ಟಿಪ್ಪಣಿ ಬರೆಯುವ ಕ್ಯಾಮೆರಾ ತಂತ್ರವನ್ನು 1914ರಲ್ಲಿ ಕೊಡಕ್ ಕಂಪನಿಗೆ 3 ಲಕ್ಷ ಡಾಲರಿಗೆ ಮಾರಿದ ಆಸಾಮಿಯೂ ಇವನೇ. ಇವನ ರೇಜರ್ ಕಂಪನಿ 1930ರಲ್ಲಿ ಜಿಲೆಟ್ ಜತೆ ಸೇರಿಹೋಯಿತು. ಇಂಗ್ಲೆಂಡಿನಲ್ಲಿ ತಯಾರಾದವುಗಳ ಮೇಲೆ ‘ವ್ಯಾಲೆಟ್’ ಎಂಬ ಹೆಸರು ಕಾಣುತ್ತದೆ. ಚೋರ್ ಬಜಾರುಗಳಲ್ಲಿ, ಹಳೆಯ ಟ್ರಂಕುಗಳ ತಳದಲ್ಲಿ, ಆನ್‌ಲೈನ್ ಹಳೆ ಸಾಮಾನಿನ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತದೆ.

ಬೇರೆ ಯಂತ್ರಗಳಲ್ಲಿ ಬ್ಲೇಡನ್ನು ರೇಜರಿನಿಂದ ತೆಗೆದು ಯಂತ್ರಕ್ಕೆ ಹಾಕಬೇಕು. ಇದರಲ್ಲಿ ರೇಜರೇ ಯಂತ್ರ. ಒಂದೇ ಬಾಯಿಯ ಬ್ಲೇಡು ತಲೆಯೊಳಗೆ ಕೂತಿದ್ದಂತೆಯೇ, ಉದ್ದನೆಯ ಚರ್ಮದ ಪಟ್ಟಿಯನ್ನು ತಲೆಯ ಕಿಂಡಿಯಲ್ಲಿ ತೂರಿಸಿ, ರೇಜರನ್ನು ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸುವುದು. ಪಟ್ಟಿ ಓಡುವಾಗ ಅದರ ಕೆಳಗಿನ ರೋಲರು ಉರುಳುತ್ತದೆ. ರೋಲರಿನ ತುದಿಯಲ್ಲಿರುವ ಪುಟ್ಟ ಹಲ್ಲುಚಕ್ರ ಬ್ಲೇಡು ಹಿಡಿದಿರುವ ತೊಟ್ಟಿಲನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ. ಓಟದ ದಿಕ್ಕು ಬದಲಾದರೆ ರೋಲರು ತಿರುಗುಮುರುಗು ಉರುಳುತ್ತದೆ, ಬ್ಲೇಡು ಟಕ್ ಎಂದು ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಹೀಗೆ ಎರಡೂ ಮುಖಕ್ಕೆ ಸಮನಾಗಿ ಚರ್ಮ ತಾಗುತ್ತದೆ. ಯಾವ ದಿಕ್ಕಿಗೆ ಓಡಿದರೂ ಬ್ಲೇಡಿನ ಬೆನ್ನು ಮುಂದೆ, ಬಾಯಿ ಹಿಂದೆ. ಬಾಯಿ ಮುಂದಾದರೆ ಅದು ಪಟ್ಟಿ ಕೊಯ್ಯುತ್ತದೆ. ಕ್ಷೌರದ ಕತ್ತಿಯನ್ನು ಪಟ್ಟಿಯ ಮೇಲೆ ಆಡಿಸುವ ಕ್ಷೌರಿಕ ಪ್ರತಿ ಎಳೆತದ ಕೊನೆಯಲ್ಲಿ ಮಣಿಕಟ್ಟು ತಿರುಗಿಸುತ್ತಾನಲ್ಲ, ಆ ಕೆಲಸವನ್ನೇ ಇಲ್ಲಿ ಹಲ್ಲುಚಕ್ರ ಮಾಡುವುದು. ಅವನ ಕೈಗೆ ವರ್ಷಗಟ್ಟಲೆ ಅಭ್ಯಾಸ ಬೇಕಾಗಿದ್ದ ಕೋನ ಇಲ್ಲಿ ಲೋಹದಲ್ಲಿ ಅಚ್ಚಾಗಿದೆ.

ಕೊಳ್ಳುವಾಗ ನೋಡಬೇಕಾದ್ದು

ಪೆಟ್ಟಿಗೆಯ ಹೊಳಪಿಗೆ ಮರುಳಾಗಬೇಡಿ. ಬ್ಲೇಡು ಇಲ್ಲದೆ ರೋಲರನ್ನು ಬೆರಳತುದಿಯಿಂದ ಉರುಳಿಸಿ. ಬ್ಲೇಡಿನ ತೊಟ್ಟಿಲು ಒಂದು ಕಡೆ ವಾಲಬೇಕು, ರೋಲರನ್ನು ಹಿಂದಕ್ಕೆ ಉರುಳಿಸಿದರೆ ಮತ್ತೊಂದು ಕಡೆ ವಾಲಬೇಕು. ಎರಡೂ ಕಡೆ ಸಮನಾಗಿ. ಒಂದು ಕಡೆ ಪೂರ್ತಿ ವಾಲಿ ಇನ್ನೊಂದು ಕಡೆ ಅರ್ಧಕ್ಕೇ ನಿಂತರೆ ಒಳಗೆ ಸೋಪಿನ ಗಾರೆಯಾದರೂ ಇರಬೇಕು, ಹಲ್ಲಾದರೂ ಮುರಿದಿರಬೇಕು. ಗಾರೆಯಾದರೆ ಹೋಗುತ್ತದೆ. ಹಲ್ಲು ಮುರಿದದ್ದನ್ನು ಅಲ್ಲೇ ಬಿಟ್ಟು ಬನ್ನಿ, ಬಿಡಿಭಾಗ ಸಿಗುವುದಿಲ್ಲ. ತಲೆಯ ಬಾಗಿಲು ಹಿಡಿದಿರುವ ಕೀಲು ಸಡಿಲವಾಗಿದ್ದರೆ ಕ್ಷೌರ ಮಾಡುವಾಗ ಬ್ಲೇಡು ನಡುಗುತ್ತದೆ, ಅಂಥದ್ದೂ ಬೇಡ. ಬ್ಲೇಡಿನ ಬಾಯಿಯ ಮುಂದೆ ರಕ್ಷಣೆಗಿರುವ ಅಂಚು ಬಾಗಿದೆಯೇ ಎಂದು ಗಾಜಿನ ಮೇಲೆ ಇಟ್ಟು ನೋಡಿ. ಚರ್ಮದ ಪಟ್ಟಿ ಹಾಳಾಗಿದ್ದರೆ ಚಿಂತೆಯಿಲ್ಲ, ಹೊಸದು ಮಾಡಿಕೊಳ್ಳಬಹುದು. ಪೆಟ್ಟಿಗೆಯಲ್ಲಿ ಹಳೆಯ ಬ್ಲೇಡುಗಳಿದ್ದರೆ, ಬಳಸಿದವನ್ನು ಮುಟ್ಟದೆ ಡಬ್ಬಿಗೆ ಹಾಕಿ.

ಬೇರೆಯವರ ಮುಖಕ್ಕೆ ತಾಗಿದ ವಸ್ತು ಇದು. ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಉಜ್ಜಿ. ಆಮೇಲೆ ಶೇ. 70ರ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 10 ನಿಮಿಷ ಮುಳುಗಿಸಿಡಿ. ಹಲ್ಲುಚಕ್ರದ ಸಂದಿಯಲ್ಲಿ ಬಿಳಿ ಗಟ್ಟಿ ಪದರ ಉಳಿದಿದ್ದರೆ ಅದು ಗಡಸು ನೀರಿನ ಸುಣ್ಣ ಮತ್ತು ಸೋಪು ಸೇರಿದ್ದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಹೊಸ ರೇಜರಿಗೂ ಕೆಲವೇ ತಿಂಗಳಲ್ಲಿ ಇದು ಹಿಡಿಯುತ್ತದೆ. ಒಂದು ಪಾಲು ಬಿಳಿ ವಿನೆಗರಿಗೆ ಮೂರು ಪಾಲು ನೀರು ಬೆರೆಸಿ 5 ನಿಮಿಷ ಬಿಟ್ಟು, ಮರದ ಹಲ್ಲುಕಡ್ಡಿಯಿಂದ ಕೆದಕಿ ತೊಳೆಯಿರಿ. ರಾತ್ರಿಯೆಲ್ಲ ನೆನೆಸಿಟ್ಟರೆ ಲೇಪ ಸವೆದಿರುವ ಕಡೆ ಹಿತ್ತಾಳೆ ಕೆಂಪಗೆ ಎದ್ದುಬರುತ್ತದೆ. ಹುಣಸೆಹಣ್ಣು, ಪೀತಾಂಬರಿ ಪುಡಿ ಎರಡೂ ಇಲ್ಲಿ ಬೇಡ. ದೇವರ ಮನೆಯ ಹಿತ್ತಾಳೆಗೆ ಸರಿ, ತೆಳುವಾದ ನಿಕ್ಕಲ್ ಲೇಪಕ್ಕೆ ಅಲ್ಲ.

ಒಣಗಿದ ಮೇಲೆ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿ. ರೋಲರಿನ ಮೈಗೆ ಮಾತ್ರ ಎಣ್ಣೆ ತಾಗಕೂಡದು. ಪಟ್ಟಿಗೂ ರೋಲರಿಗೂ ನಡುವಿನ ಹಿಡಿತದಿಂದಲೇ ಬ್ಲೇಡು ಹೊರಳುವುದು. ಎಣ್ಣೆ ಬಿದ್ದರೆ ಪಟ್ಟಿ ಜಾರುತ್ತದೆ, ರೋಲರು ಉರುಳುವುದಿಲ್ಲ, ಬಾಯಿ ನೇರ ಚರ್ಮಕ್ಕೆ ಹೊಕ್ಕುತ್ತದೆ. ತಾಗಿಬಿಟ್ಟರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ.

ಪಟ್ಟಿ ಮಾಡಿಕೊಳ್ಳುವುದು

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಭಾಗ ಇದು. ರೇಜರು ಎಷ್ಟೇ ಚೆನ್ನಾಗಿದ್ದರೂ ಪಟ್ಟಿ ಕೆಟ್ಟದಾದರೆ ಬಾಯಿ ಹಾಳು.

ಹಳೆಯ ಪಟ್ಟಿ ಬರೀ ಒಣಗಿ ಬಿರುಸಾಗಿದ್ದರೆ ಒಂದು ಪ್ರಯತ್ನ ಮಾಡಬಹುದು. ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಕೊಳೆ ಒರೆಸಿ, ನೆರಳಲ್ಲಿ ಒಣಗಿಸಿ, ಚರ್ಮಕ್ಕೆಂದೇ ಸಿಗುವ ಎಣ್ಣೆ ಎರಡು ಮೂರು ಹನಿಯನ್ನು ಅಂಗೈಗೆ ಹಾಕಿ ಪಟ್ಟಿಗೆ ತಿಕ್ಕಿ ಒಂದು ದಿನ ಬಿಡಿ. ಕೊಬ್ಬರಿ ಎಣ್ಣೆ ಬೇಡ: ಚರ್ಮ ಮೆತ್ತಗಾಗಿ ಜೋತು ಬೀಳುತ್ತದೆ, ಆಮೇಲೆ ಕಮಟು ಹಿಡಿಯುತ್ತದೆ. ಬಾಗಿಸಿದಾಗ ಮೇಲ್ಮೈ ಸೀಳಿದರೆ ಆ ಪಟ್ಟಿಯ ಆಯುಸ್ಸು ಮುಗಿದಿದೆ.

ಹೊಸ ಪಟ್ಟಿಗೆ ತೊಗಟೆಯಲ್ಲಿ ಹದ ಮಾಡಿದ ಚರ್ಮ ಬೇಕು. ಅಂಗಡಿಯಲ್ಲಿ ‘ವೆಜ್ ಟ್ಯಾನ್’ ಎಂದು ಕೇಳಿ. ದಕ್ಷಿಣ ಭಾರತದ ಹದಗಾರರು ಹಿಂದೆ ಇದಕ್ಕೆ ತಂಗಡಿ ಗಿಡದ ತೊಗಟೆ ಬಳಸುತ್ತಿದ್ದರು. ಚಪ್ಪಲಿ ಮೇಲ್ಭಾಗಕ್ಕೆ, ಬ್ಯಾಗುಗಳಿಗೆ ಬರುವ ಕ್ರೋಮ್ ಹದದ ಚರ್ಮ ಮೆದು, ಹಿಗ್ಗುತ್ತದೆ. ಒತ್ತಿದಾಗ ಬಾಯಿಯ ಸುತ್ತ ಉಬ್ಬಿ ಅದನ್ನು ದುಂಡಗೆ ಮಾಡುತ್ತದೆ. ಎರಡನ್ನೂ ಗುರುತಿಸುವುದು ಸುಲಭ. ಕತ್ತರಿಸಿದ ಅಂಚು ನೋಡಿ: ಒಳಗೂ ಹೊರಗೂ ಕಂದು ಬಣ್ಣವಿದ್ದರೆ ತೊಗಟೆ ಹದ, ಒಳಗೆ ನೀಲಿ ಬೂದು ಛಾಯೆ ಇದ್ದರೆ ಕ್ರೋಮ್.

ಅಗಲಕ್ಕೆ ರೇಜರಿನ ಕಿಂಡಿಯನ್ನು ವರ್ನಿಯರಿನಲ್ಲಿ ಅಳೆದು ಅರ್ಧ ಮಿಲಿಮೀಟರ್ ಕಡಿಮೆ ಮಾಡಿ. ಬ್ಲೇಡಿನ ಬಾಯಿ ಪೂರ್ತಿ ಚರ್ಮದ ಮೇಲೆ ಬರಬೇಕು. ಪಟ್ಟಿ ಕಿರಿದಾದರೆ ಬಾಯಿಯ ಎರಡು ತುದಿಗೆ ಮಸೆತವೇ ಸಿಗದೆ, ಮೀಸೆಯ ಪಕ್ಕ ತಿದ್ದುವಾಗ ಎಳೆಯುತ್ತದೆ. ಉದ್ದ 55ರಿಂದ 60 ಸೆಂಟಿಮೀಟರ್ ಇರಲಿ. ಅದರಲ್ಲಿ ರೇಜರು ಓಡುವುದು 35 ಸೆಂಟಿಮೀಟರಿನಷ್ಟು, ಉಳಿದದ್ದು ಕೊಕ್ಕೆಗೂ ಕೈಹಿಡಿತಕ್ಕೂ.

ದಪ್ಪವೇ ಕಷ್ಟದ ಲೆಕ್ಕ. ಹಳೆಯ ಪಟ್ಟಿ ಇದ್ದರೆ ಅದರ ಸವೆಯದ ತುದಿಯನ್ನು ಅಳೆಯಿರಿ. ಇಲ್ಲದಿದ್ದರೆ ಒಂದೂವರೆ ಮಿಲಿಮೀಟರಿನ ತುಂಡೊಂದನ್ನು ಬ್ಲೇಡು ಹಾಕದ ರೇಜರಿನಲ್ಲಿ ಎಳೆದು ನೋಡಿ. ರೋಲರು ತಪ್ಪದೆ ಉರುಳಬೇಕು, ಎಳೆಯಲು ಬಲ ಬೇಕಾಗಬಾರದು. ತೆಳುವಾದರೆ ರೋಲರು ಜಾರುತ್ತದೆ. ದಪ್ಪವಾದರೆ ಬಾಯಿ ಚರ್ಮದಲ್ಲಿ ಹೂತುಕೊಂಡು ದುಂಡಗಾಗುತ್ತದೆ. ಬೇಕಾದರೆ ಚರ್ಮದ ಅಂಗಡಿಯವರಿಂದ ಒಳಮೈ ಕೆರೆಸಿ ತೆಳು ಮಾಡಿಸಬಹುದು. ಮೇಲ್ಮೈ ಮುಟ್ಟಬೇಡಿ ಎಂದು ಹೇಳಿಯೇ ಕೊಡಿ.

ಕತ್ತರಿಸುವಾಗ ಉಕ್ಕಿನ ಅಳತೆಪಟ್ಟಿ ಇಟ್ಟು ಹೊಸ ಕಟ್ಟರಿನಿಂದ ಒಂದೇ ಎಳೆತದಲ್ಲಿ ಕೊಯ್ಯಿರಿ. ಎರಡು ಮೂರು ಸಲ ಕೊಯ್ದರೆ ಅಂಚು ಹಾವಿನಂತಾಗಿ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ತುದಿಗೆ ತೂತು ಹೊಡೆದು ಉಂಗುರ ಹಾಕಿ. ಇನ್ನೊಂದು ತುದಿಯ ಕೊನೆಯ 3 ಸೆಂಟಿಮೀಟರನ್ನು ನಾಲಗೆಯಂತೆ ಮೊನಚು ಮಾಡಿದರೆ ಕಿಂಡಿಗೆ ತೂರಿಸುವುದು ಸಲೀಸು. ಆಮೇಲೆ ಉಂಗುರದಿಂದ ತೂಗುಹಾಕಿ ಕೆಳತುದಿಗೆ 2 ಕಿಲೋ ತೂಕ ಕಟ್ಟಿ ಒಂದು ರಾತ್ರಿ ಬಿಡಿ. ಹಿಗ್ಗುವುದೆಲ್ಲ ಈಗಲೇ ಹಿಗ್ಗಿಬಿಡಲಿ. ಬೆಳಿಗ್ಗೆ ನುಣುಪು ಮಗ್ಗುಲನ್ನು 400 ನಂಬರಿನ ಉಪ್ಪುಕಾಗದದಿಂದ ಎರಡೇ ಸಲ ಸವರಿ, 1000 ನಂಬರಿನಲ್ಲಿ ಮತ್ತೆರಡು ಸಲ. ಕೊನೆಗೆ ಬರಿಯ ಅಂಗೈಯಿಂದ ಐದು ನಿಮಿಷ ತಿಕ್ಕಿ. ಕೈಯ ಬಿಸಿ, ಕೈಯ ಜಿಡ್ಡು ಇಷ್ಟೇ ಅದಕ್ಕೆ ಬೇಕಾದ ಪಾಲಿಶ್.

ಮಸೆಯುವುದು

ಎದೆಯ ಮಟ್ಟಕ್ಕೆ ಗೋಡೆಯಲ್ಲಿ ಗಟ್ಟಿಯಾದ ಕೊಕ್ಕೆ ಇರಲಿ. ಟವೆಲ್ ಹಾಕುವ ಪ್ಲಾಸ್ಟಿಕ್ ಕೊಕ್ಕೆ ಕಿತ್ತು ಬಂದರೆ ರೇಜರು ನಿಮ್ಮ ಮೇಲೇ ಬರುತ್ತದೆ. ಬಾಗಿಲಿನ ಹಿಡಿ ಸಾಕು, ಆದರೆ ಮಕ್ಕಳಿರುವ ಮನೆಯಲ್ಲಿ ಚಿಲಕ ಹಾಕಿಕೊಳ್ಳಿ.

1. ಬ್ಲೇಡು ಪೂರ್ತಿ ಒಣಗಿರಬೇಕು. ಒದ್ದೆ ಬ್ಲೇಡು ಚರ್ಮವನ್ನು ಊದಿಸುತ್ತದೆ, ಊದಿದ ಚರ್ಮ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

2. ತಲೆಯ ಲಿವರನ್ನು ಸಡಿಲಿಸಿ ಬ್ಲೇಡು ಎರಡೂ ಕಡೆ ಆಡುವಂತೆ ಮಾಡಿ. ಕ್ಷೌರದ ಸ್ಥಿತಿಯಲ್ಲಿ ಬಿಗಿದೇ ಇದ್ದರೆ ಅದು ಹೊರಳುವುದಿಲ್ಲ.

3. ಪಟ್ಟಿಯ ನಾಲಗೆಯನ್ನು ಬ್ಲೇಡಿಗೂ ರೋಲರಿಗೂ ನಡುವೆ ತೂರಿಸಿ. ನುಣುಪು ಮಗ್ಗುಲು ಬ್ಲೇಡಿನ ಕಡೆ. ತೂರಿಸುವಾಗ ಎದುರು ಕಡೆಯಿಂದ ಬೆರಳು ಹಾಕಿ ಎಳೆಯಬೇಡಿ, ಹೆಚ್ಚಿನ ಗಾಯಗಳು ಆಗುವುದು ಇಲ್ಲೇ. ಅರ್ಧ ಇಂಚು ಹೊರಬಂದ ಮೇಲೆ ತುದಿ ಹಿಡಿಯಿರಿ.

4. ಉಂಗುರ ಕೊಕ್ಕೆಗೆ, ಇನ್ನೊಂದು ತುದಿ ಎಡಗೈಗೆ. ಪಟ್ಟಿ ತಂತಿಯಂತೆ ಬಿಗಿಯಾಗಿರಬೇಕು. ಜೋತು ಬಿದ್ದ ಪಟ್ಟಿ ಬಾಯಿಯನ್ನು ಸುತ್ತಿಕೊಂಡು ಅದರ ಮೂಲೆಯನ್ನು ಉರುಟು ಮಾಡುತ್ತದೆ.

5. ಬಲಗೈಯಲ್ಲಿ ರೇಜರಿನ ಹಿಡಿಯನ್ನು ಹಗುರವಾಗಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಕೊನೆಗೆ ಪೂರ್ತಿ ನಿಲ್ಲಿಸಿ, ಆಮೇಲೆ ದೂರಕ್ಕೆ ತಳ್ಳಿ. ಒಂದು ಎಳೆತಕ್ಕೆ ಒಂದು ಸೆಕೆಂಡು. ದಿಕ್ಕು ಬದಲಾದಾಗಲೆಲ್ಲ ಟಕ್ ಎಂಬ ಸದ್ದು ಕೇಳಲೇಬೇಕು. ಕೇಳಲಿಲ್ಲವೇ, ಅಲ್ಲೇ ನಿಲ್ಲಿಸಿ.

6. ಹೋಗಿಬರುವುದು ಸೇರಿ ಒಂದು ಎಂದು ಲೆಕ್ಕ ಹಾಕಿದರೆ 10ರಿಂದ 12 ಸುತ್ತು ಸಾಕು. 50 ಸುತ್ತು ಎಳೆದರೆ ಐದು ಪಟ್ಟು ಹರಿತವಾಗುವುದಿಲ್ಲ.

ಬಲ ಹಾಕಬೇಡಿ. ಕೈಯ ಕೆಲಸ ರೇಜರನ್ನು ಓಡಿಸುವುದಷ್ಟೇ. ಬ್ಲೇಡನ್ನು ಚರ್ಮಕ್ಕೆ ಒತ್ತುವ ಕೆಲಸ ರೋಲರಿನದು. ಹೊಸಬರು ಕ್ಷೌರಿಕರ ಪಟಪಟ ಸದ್ದನ್ನು ನೆನಪಿಟ್ಟುಕೊಂಡು ವೇಗಕ್ಕೆ ಕೈ ಹಾಕುತ್ತಾರೆ. ಆ ವೇಗಕ್ಕೆ ಬ್ಲೇಡು ಹೊರಳಲು ಸಮಯವೇ ಸಿಗದೆ, ಬಾಯಿ ಮುಂದಾಗಿ, ಪಟ್ಟಿಯಲ್ಲಿ ಅರ್ಧಚಂದ್ರದಂಥ ಗಾಯ ಬೀಳುತ್ತದೆ.

ಮಸೆಯುವುದು ಕ್ಷೌರಕ್ಕೆ ಮೊದಲು. ಕ್ಷೌರ ಮುಗಿದೊಡನೆ ಬ್ಲೇಡನ್ನು ಬಿಸಿನೀರಲ್ಲಿ ತೊಳೆದು, ಅಲ್ಲಾಡಿಸಿ, ಬಟ್ಟೆಗೆ ಒತ್ತಿ ನೀರು ಹೀರಿಸಿ ಬಿಡಿ. ಬಾಯಿಯ ಉದ್ದಕ್ಕೂ ಒರೆಸುವುದು ಬೇಡ. ಬಾಗಿದ ಬಾಯಿ ಕೆಲವು ಗಂಟೆ ಹಾಗೇ ಬಿಟ್ಟರೆ ಸ್ವಲ್ಪ ತಾನಾಗಿ ನೆಟ್ಟಗಾಗುತ್ತದೆ ಎಂಬ ಮಾತು ಹಳಬರಲ್ಲಿದೆ. ಅದು ನಿಜವೋ ಅಲ್ಲವೋ, ಒಣಗಿದ ಬ್ಲೇಡನ್ನು ಮರುದಿನ ಮಸೆಯುವುದರಿಂದ ಪಟ್ಟಿಗೆ ನೀರು ತಾಗುವುದಿಲ್ಲ ಎಂಬ ಲಾಭವಂತೂ ಇದೆ.

ಹರಿತ ಪರೀಕ್ಷೆ

ಹೆಬ್ಬೆರಳಲ್ಲಿ ಮುಟ್ಟಿ ನೋಡುವುದು ಅಡುಗೆಮನೆಯ ಚಾಕುವಿಗೆ. ಉಗುರಿನ ಮೇಲೆ ಎಳೆದು ನೋಡುವುದೂ ಬೇಡ, ಈಗಷ್ಟೇ ನೆಟ್ಟಗಾದ ಬಾಯಿ ಅಲ್ಲೇ ಕೆಡುತ್ತದೆ. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ 30 ಪಟ್ಟಿನ ಭೂತಗನ್ನಡಿ ಒಂದು ಇಟ್ಟುಕೊಳ್ಳಿ. ಬ್ಲೇಡಿನ ಬಾಯಿಯನ್ನು ನೇರ ನಿಮ್ಮ ಕಡೆ ತಿರುಗಿಸಿ, ಮೇಲಿನಿಂದ ಟಾರ್ಚು ಬಿಡಿ. ಹರಿತವಾದ ಬಾಯಿಗೆ ಅಗಲವೇ ಇಲ್ಲ, ಹಾಗಾಗಿ ಬೆಳಕು ವಾಪಸು ಬರುವುದಿಲ್ಲ, ಕಪ್ಪಗೆ ಕಾಣುತ್ತದೆ. ಎಲ್ಲಿ ಬಿಳಿ ಚುಕ್ಕೆ ಹೊಳೆಯುತ್ತದೋ ಅಲ್ಲಿ ಬಾಯಿ ಚಪ್ಪಟೆಯಾಗಿದೆ, ಬಾಗಿದೆ ಅಥವಾ ಚಕ್ಕೆ ಎದ್ದಿದೆ. 12 ಸುತ್ತು ಮಸೆದು ಮತ್ತೆ ನೋಡಿ. ಮಾಯವಾದರೆ ಬಾಗಿತ್ತು ಎಂದರ್ಥ. ಉಳಿದರೆ ಚಕ್ಕೆ.

ಚರ್ಮ ಎಲ್ಲೆಲ್ಲಿ ತಾಗುತ್ತಿದೆ ಎಂದು ತಿಳಿಯಲು ಇನ್ನೂ ಸುಲಭದ ದಾರಿಯಿದೆ. ಅಳಿಸದ ಮಾರ್ಕರಿನಿಂದ ಬ್ಲೇಡಿನ ಎರಡೂ ಮುಖದಲ್ಲಿ ಬಾಯಿಯ ಅಂಚಿಗೆ ತೆಳುವಾಗಿ ಬಣ್ಣ ಹಚ್ಚಿ, ಒಣಗಿದ ಮೇಲೆ 5 ಸುತ್ತು ಎಳೆಯಿರಿ. ಬಾಯಿಯ ಉದ್ದಕ್ಕೂ ಸಮನಾದ ಗೆರೆಯಲ್ಲಿ ಬಣ್ಣ ಹೋಗಿದ್ದರೆ ಎಲ್ಲ ಸರಿ. ಒಂದು ತುದಿಯಲ್ಲಿ ಉಳಿದಿದ್ದರೆ ನೀವು ರೇಜರನ್ನು ಓರೆ ಹಿಡಿಯುತ್ತಿದ್ದೀರಿ, ಅಥವಾ ಪಟ್ಟಿಯ ಒಂದು ಅಂಚು ಹಿಗ್ಗಿದೆ. ಒಂದು ಮುಖದಲ್ಲಿ ಪೂರ್ತಿ ಉಳಿದಿದ್ದರೆ ಬ್ಲೇಡು ಆ ಕಡೆಗೆ ಹೊರಳುತ್ತಲೇ ಇಲ್ಲ. ಬಾಯಿಯಿಂದ ಹಿಂದಕ್ಕೆ ಅಗಲವಾಗಿ ಹೋಗಿ ಬಾಯಿಯ ತುತ್ತತುದಿಯಲ್ಲಿ ಮಾತ್ರ ಉಳಿದಿದ್ದರೆ ಮಸೆತ ಬಾಯಿಗೆ ತಲುಪುತ್ತಿಲ್ಲ, ಪಟ್ಟಿ ತೆಳುವಾಯಿತು. ಹೊಸ ಪಟ್ಟಿ ಮಾಡಿದಾಗಲೆಲ್ಲ ಈ ಪರೀಕ್ಷೆ ಮಾಡಿಯೇ ಮುಖಕ್ಕೆ ಹಚ್ಚಬೇಕು.

ಕೊನೆಯದಾಗಿ, ಮುಂಗೈಯ ರೋಮ. ಚರ್ಮಕ್ಕೆ ತಾಗಿಸದೆ ಎರಡು ಮಿಲಿಮೀಟರ್ ಮೇಲೆ ಬ್ಲೇಡು ಆಡಿಸಿದಾಗ ರೋಮ ತುಂಡಾದರೆ ಗಡ್ಡಕ್ಕೆ ಸಾಕು.

ಕೆಡುವುದು ಎಲ್ಲಿ

ಪಟ್ಟಿಗೆ ಗಾಯವಾದರೆ ಅದರ ಆಳ ನೋಡಿ. ಮೇಲ್ಪದರ ಎದ್ದಿದ್ದರೆ ಒಂದು ಹನಿ ಚರ್ಮದ ಗೋಂದು ಹಾಕಿ ಅಂಟಿಸಿ, ಒಣಗಿದ ಮೇಲೆ 1000 ನಂಬರಿನ ಉಪ್ಪುಕಾಗದದಲ್ಲಿ ಸಮ ಮಾಡಿ. ಅರ್ಧ ದಪ್ಪಕ್ಕಿಂತ ಆಳವಾಗಿದ್ದರೆ ಎಸೆಯಿರಿ. ಎಳೆತದ ನಡುವೆ ಹರಿದರೆ ರೇಜರು ಎಲ್ಲಿಗೆ ಹಾರುತ್ತದೆಂದು ಹೇಳಲಾಗದು.

ಬ್ಲೇಡು ಇದ್ದಕ್ಕಿದ್ದಂತೆ ಹೊರಳುವುದು ನಿಲ್ಲಿಸಿದರೆ ಒಂದೋ ರೋಲರು ಜಿಡ್ಡಾಗಿದೆ, ಇಲ್ಲ ಹಲ್ಲುಚಕ್ರದಲ್ಲಿ ಕೂದಲು ಸಿಕ್ಕಿದೆ. ಒಂದೇ ಒಂದು ಗಡ್ಡದ ಚೂರು ಸಾಕು. ಹಲ್ಲುಕಡ್ಡಿ ತೆಗೆದುಕೊಳ್ಳಿ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಸ್ಪಿರಿಟ್ ಅದ್ದಿದ ಹತ್ತಿ ಒಮ್ಮೆ ಆಡಿಸಿ, ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲಿಗೆ ಇಟ್ಟರೆ ಸುರುಟಿಕೊಳ್ಳುತ್ತದೆ. ಪಟ್ಟಿಯನ್ನು ಸುತ್ತಿ ಪೆಟ್ಟಿಗೆಯಲ್ಲಿಡುವ ಬದಲು ಬಚ್ಚಲಿನ ಹೊರಗೆ ತೂಗುಹಾಕುವುದೇ ಮೇಲು.

ಹರಿತ ಮಾಡಲು ಚರ್ಮಕ್ಕೆ ಹಚ್ಚುವ ಹಸಿರು ಪೇಸ್ಟಿನ ವಿಷಯ. 0.5 ಮೈಕ್ರಾನಿನ ಕ್ರೋಮಿಯಂ ಆಕ್ಸೈಡ್ ಹಚ್ಚಿದ ಚರ್ಮ ನಿಜಕ್ಕೂ ಉಕ್ಕು ತೆಗೆಯುತ್ತದೆ, ಕಲ್ಲಿಗೂ ಬರಿ ಚರ್ಮಕ್ಕೂ ನಡುವಿನದು. ಆದರೆ ಪಟ್ಟಿಯ ಒಂದು ಮಗ್ಗುಲಿಗೆ ಪೇಸ್ಟ್, ಇನ್ನೊಂದು ಮಗ್ಗುಲು ಬರಿದು ಎಂಬ ಉಪಾಯ ಇಲ್ಲಿ ನಡೆಯದು. ಬರಿ ಮಗ್ಗುಲು ಬಳಸುವಾಗ ಪೇಸ್ಟಿನ ಮಗ್ಗುಲು ರೋಲರಿಗೆ ತಾಗಿ ಅದಕ್ಕೆ ಮೆತ್ತಿಕೊಳ್ಳುತ್ತದೆ. ಎರಡು ಬೇರೆ ಪಟ್ಟಿಗಳೇ ಬೇಕು. ಪೇಸ್ಟಿನ ಪಟ್ಟಿ ವಾರಕ್ಕೊಮ್ಮೆ 5 ಸುತ್ತು, ಆಮೇಲೆ ಬರಿ ಪಟ್ಟಿಯಲ್ಲಿ 10. ಪೇಸ್ಟನ್ನು ಕಾಣುವಷ್ಟು ದಪ್ಪ ಬಳಿಯಬೇಡಿ. ಸೀಸದಕಡ್ಡಿಯಲ್ಲಿ ಗೀಚಿದಂತೆ ಅಲ್ಲಲ್ಲಿ ಗೆರೆ ಎಳೆದು ಬೆರಳಲ್ಲಿ ತೀಡಿದರೆ ಸಾಕು.

ಯಾವ ಬ್ಲೇಡು

ಈ ಯಂತ್ರ ಹುಟ್ಟಿದ್ದು ಲೇಪವಿಲ್ಲದ ಕಾರ್ಬನ್ ಉಕ್ಕಿನ ಬ್ಲೇಡಿಗಾಗಿ. ಅದು ಬೇಗ ತುಕ್ಕು ಹಿಡಿಯುತ್ತದೆ, ಬೇಗ ಬಾಗುತ್ತದೆ, ಮಸೆದರೆ ಅಷ್ಟೇ ಬೇಗ ಸುಧಾರಿಸುತ್ತದೆ. 1960ರ ದಶಕದ ಆರಂಭದಲ್ಲಿ ಲೇಪದ ಬ್ಲೇಡುಗಳು, ಸ್ಟೇನ್‌ಲೆಸ್ ಬ್ಲೇಡುಗಳು ಬಂದು ಆಟ ಬದಲಾಯಿತು. ಇವತ್ತಿನ ಬ್ಲೇಡಿನ ಬಾಯಿಗೆ ಗಟ್ಟಿ ಲೋಹದ ಪದರವೊಂದು, ಅದರ ಮೇಲೆ ಜಾರುವ ಟೆಫ್ಲಾನ್ ಜಾತಿಯ ಪದರವೊಂದು. ಮೊದಲ ದಿನವೇ ಅದನ್ನು ಚರ್ಮಕ್ಕೆ ಉಜ್ಜಿದರೆ ಆ ನುಣುಪೇ ಹೋಗುತ್ತದೆ.

ಜಪಾನಿನ ಫೆದರ್ ಕಂಪನಿಯ ಎಫ್‌ಎಚ್‌ಎಸ್-10 ಬ್ಲೇಡು ವ್ಯಾಲೆಟ್ ಆಟೋಸ್ಟ್ರಾಪ್‌ಗೆ ಹೊಂದುತ್ತದೆ. ಬೆನ್ನಿಗೆ ದಪ್ಪ ಪಟ್ಟಿ ಮಡಚಿರುವ ಜೆಮ್ ಮಾದರಿಯದು ಹೊಂದುವುದಿಲ್ಲ. ಎಫ್‌ಎಚ್‌ಎಸ್-10 ಸ್ಟೇನ್‌ಲೆಸ್, ಹಾಗಾಗಿ ಮೊದಲ ಮೂರು ನಾಲ್ಕು ಕ್ಷೌರ ಮಸೆಯದೆ ಬಳಸಿ, ಎಳೆಯಲು ಶುರುವಾದ ಮೇಲೆ ಪಟ್ಟಿಗೆ ಬನ್ನಿ. ಹಳೆಯ ಸ್ಟಾಕಿನ ಕಾರ್ಬನ್ ಬ್ಲೇಡು ಸಿಕ್ಕಿದರೆ ಮೊದಲ ಕ್ಷೌರಕ್ಕೂ ಮುಂಚೆಯೇ 10 ಸುತ್ತು. ಕಾಗದ ಬಿಚ್ಚಿದಾಗ ಬಾಯಿಯಲ್ಲಿ ಕಂದು ಚುಕ್ಕೆ ಕಂಡರೆ ಆಸೆ ಬಿಡಿ, ತುಕ್ಕು ಕೊರೆದ ಹಳ್ಳವನ್ನು ಚರ್ಮ ತುಂಬುವುದಿಲ್ಲ.

ಉಳಿದ ಯಂತ್ರಗಳು

ಎರಡು ಬಾಯಿಯ ಬ್ಲೇಡಿಗೆಂದು ಅಮೆರಿಕದಲ್ಲಿ ಟ್ವಿನ್‌ಪ್ಲೆಕ್ಸ್ ಬಂತು. ಕಾಫಿಬೀಜ ಪುಡಿ ಮಾಡುವ ಯಂತ್ರದಂತೆ ಹಿಡಿ ತಿರುಗಿಸಿದರೆ ಚರ್ಮ ಹೊದಿಸಿದ ರೋಲರುಗಳು ಉರುಳಿ ಎರಡೂ ಬಾಯಿಯನ್ನು ಒಟ್ಟಿಗೆ ಮಸೆಯುತ್ತವೆ, ಬ್ಲೇಡು ತಾನೇ ಮಗುಚಿಕೊಳ್ಳುತ್ತದೆ. ನೋಡಲು ಚೆಂದ. ಆದರೆ ಎರಡು ಬಾಯಿಯ ಬ್ಲೇಡಿನ ದಪ್ಪ 0.1 ಮಿಲಿಮೀಟರ್ ಮಾತ್ರ. ಒತ್ತಿದರೆ ಬ್ಲೇಡೇ ಬಳುಕುತ್ತದೆ. ಒಂದು ಕಪ್ ಚಹಾಕ್ಕಿಂತ ಅಗ್ಗವಾದ ಇವತ್ತಿನ ಬ್ಲೇಡಿಗೆ ಈ ಕಷ್ಟ ಬೇಡ ಎಂದೇ ನಮ್ಮ ಅಭಿಪ್ರಾಯ. ಪಿರಮಿಡ್ ಆಕಾರದ ಡಬ್ಬಿಯಲ್ಲಿಟ್ಟರೆ ಬ್ಲೇಡು ಹರಿತವಾಗುತ್ತದೆ ಎಂದು 1959ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಒಬ್ಬರು ಪೇಟೆಂಟನ್ನೇ ಪಡೆದರು. ಕ್ಷೌರ ಆದ ಮೇಲೆ ಬ್ಲೇಡನ್ನು ಒಣಗಿಸಿಟ್ಟರೆ ಅಷ್ಟು ಲಾಭ ಯಾವ ಡಬ್ಬಿಯಲ್ಲೂ ಸಿಗುತ್ತದೆ.

ಚಕ್ಕೆ ಎದ್ದದ್ದನ್ನೂ ಸರಿಮಾಡಬಲ್ಲದ್ದು ಇಂಗ್ಲೆಂಡಿನ ರೋಲ್ಸ್ ರೇಜರ್. ಲೋಹದ ಉದ್ದ ಪೆಟ್ಟಿಗೆ, ಅದಕ್ಕೆ ಎರಡು ಮುಚ್ಚಳ: ಒಂದರ ಒಳಗೆ ಸಾಣೆಕಲ್ಲು, ಇನ್ನೊಂದರ ಒಳಗೆ ಚರ್ಮ. ಬ್ಲೇಡು ಎಸೆಯುವಂಥದ್ದಲ್ಲ, ಕ್ಷೌರದ ಕತ್ತಿಯ ತುಂಡಿನಂತೆ ದಪ್ಪ. ಒಂದು ಮುಚ್ಚಳ ತೆಗೆದು ಹಿಡಿಯನ್ನು ಹಿಂದೆ ಮುಂದೆ ಆಡಿಸಿದರೆ ಬ್ಲೇಡು ಉಳಿದ ಮುಚ್ಚಳದ ಮೇಲೆ ಓಡಿ ತುದಿಯಲ್ಲಿ ಹೊರಳುತ್ತದೆ. ಚರ್ಮ ದಿನಾ, ಕಲ್ಲು ಅಪರೂಪಕ್ಕೆ. ಭೂತಗನ್ನಡಿಯಲ್ಲಿ ಬಿಳಿ ಚುಕ್ಕೆ ಉಳಿದಾಗ ಮಾತ್ರ ಕಲ್ಲಿನ ಮುಚ್ಚಳ ಹಾಕಿ 10 ಸುತ್ತು, ನೋಡಿ, ಬೇಕಾದರೆ ಇನ್ನೂ 5. ಪ್ರತಿ ಸಲವೂ ಉಕ್ಕು ಹೋಗುತ್ತಿದೆ ಎಂಬುದು ನೆನಪಿರಲಿ. ಕಂಪನಿ 1964ರಲ್ಲಿ ದಿವಾಳಿಯಾಯಿತು, ಆ ಹೊತ್ತಿಗೆ ಅದು ಬಟ್ಟೆ ಒಗೆಯುವ ಯಂತ್ರ ಮಾರುತ್ತಿತ್ತು. ಹಾಗಾಗಿ ಹೊಸ ಬ್ಲೇಡು, ಹೊಸ ಕಲ್ಲು ಎರಡೂ ಇಲ್ಲ. ಕೊಳ್ಳುವಾಗ ಕಲ್ಲಿನ ಮೇಲೆ ಉಗುರು ಆಡಿಸಿ. ಕೆಳಗೆ ಬಿದ್ದು ಒಡೆದು ಅಂಟಿಸಿದ ಕಲ್ಲಿನಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಇದ್ದರೂ ಉಗುರಿಗೆ ತಡೆಯುತ್ತದೆ. ಬ್ಲೇಡಿನ ಬಾಯಿ ಪ್ರತಿ ಎಳೆತಕ್ಕೂ ಆ ಮೆಟ್ಟಿಲಿಗೆ ಬಡಿದು ಅಲ್ಲೇ ಹೊಸ ಚಕ್ಕೆ ಹಾರಿಸಿಕೊಳ್ಳುತ್ತದೆ.

ಮುಗಿದ ಬ್ಲೇಡುಗಳಿಗೆ ಒಂದು ತಗಡಿನ ಡಬ್ಬಿ ಇಡಿ. ಮುಚ್ಚಳವನ್ನು ಟೇಪಿನಿಂದ ಬಿಗಿದು, ಅದರ ಮೇಲೆ ಬ್ಲೇಡು ತೂರುವಷ್ಟು ಮಾತ್ರ ಸೀಳು ಮಾಡಿ. ತುಂಬಿದ ಮೇಲೆ ಸೀಳನ್ನೂ ಮುಚ್ಚಿ, ‘ಬ್ಲೇಡು’ ಎಂದು ದಪ್ಪಕ್ಷರದಲ್ಲಿ ಬರೆದು, ಕಸ ಒಯ್ಯುವವರ ಕೈಗೆ ಬೇರೆಯಾಗಿ ಕೊಡಿ.